ಒಂದು ವಾಕ್ಯಕ್ಕೆ ಒಂದು ಸಾಲು

ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆ. ಜೂನ್.
ಬೋಟುಗಳೆಲ್ಲ ದಂಡೆ ಹತ್ತಿ ಹೊಟ್ಟೆ ತೋರಿಸಿ ನಿಂತಿವೆ.
ಕೆಳಗೆ ಯಂತ್ರ ಬಂದ್, ಹಾಗಾಗಿ ನಮ್ಮ ಮಾತು ನಮಗೆ ಕೇಳಿಸುತ್ತದೆ.
ಮೂವರು, ಒಂದು ಲ್ಯಾಪ್‌ಟಾಪು,
ಒಂದು ಪ್ರಶ್ನೆ: ಕೈಪಿಡಿಯನ್ನು ಯಾವುದರಲ್ಲಿ ಬರೆಯುವುದು?

ತಂತ್ರಾಂಶ ಮುಗಿದು ಮೂರು ವರ್ಷ. ಯಾರು ಬೇಕಾದರೂ ಬಿಚ್ಚಿ ನೋಡಬಹುದು.
ಯಾವ ಬೋಟಿಗೆ ಎಷ್ಟು ಐಸು, ಎಷ್ಟು ಡೀಸೆಲ್,
ಯಾವ ಬುಟ್ಟಿ ಯಾರ ಖಾತೆಗೆ, ಎಲ್ಲ ಅದಕ್ಕೆ ಗೊತ್ತು.
ಅದನ್ನು ನಡೆಸುವುದು ಹೇಗೆಂದು ಮಾತ್ರ
ಪಾಸ್ಕಲನಿಗೆ ಗೊತ್ತು.
ಅವನು ಫೋನ್ ಎತ್ತುವುದಿಲ್ಲ.

ವಿಕಿ ಸಾಕು, ಅಂದ ಪಾಸ್ಕಲ್. ಬಾಗಿಲಿಲ್ಲದ ಮನೆ, ಯಾರೂ ಬರಬಹುದು.
ಬಾಗಿಲಿಲ್ಲದ ಮನೆಗೆ ಗುಡಿಸುವವರೂ ಇರುವುದಿಲ್ಲ, ಅಂದಳು ತಸ್ನೀಮ್.
ಅವಳಿಗೆ ಟ್ಯಾಗುಗಳು ಬೇಕು: ಅಧ್ಯಾಯದೊಳಗೆ ಭಾಗ,
ಭಾಗದೊಳಗೆ ಹೆಜ್ಜೆ, ಹೆಜ್ಜೆಯೊಳಗೆ ಎಚ್ಚರಿಕೆ,
ಡಬ್ಬಿಯೊಳಗೆ ಡಬ್ಬಿ;
ಒಂದು ಮುಚ್ಚಳ ಮರೆತರೆ ಇಡೀ ಪುಸ್ತಕ ತೆರೆಯುವುದಿಲ್ಲ.
ಭಟ್ಕಳದಲ್ಲಿ ಅವಳಜ್ಜಿ ಹಾಗೆಯೇ ಮಸಾಲೆ ಇಡುತ್ತಿದ್ದಳಂತೆ,
ಮೂವತ್ತು ವರ್ಷ ಒಂದು ಲವಂಗ ಕಳೆದಿಲ್ಲ.

ನಾನು ಹೈಸ್ಕೂಲಿನ ಕನ್ನಡ ಟೀಚರು. ವರ್ಡ್ ಫೈಲು, ಅಂದೆ.
ಯಾರೂ ನಗಲಿಲ್ಲ.
‘ಕೊನೆಯದು - ನಿಜವಾಗಿ ಕೊನೆಯದು - ೩’ ಎಂಬ ಫೈಲು
ನನ್ನ ಪೆನ್‌ಡ್ರೈವಿನಲ್ಲಿರುವುದು ಅವರಿಬ್ಬರಿಗೂ ಗೊತ್ತು.

ಆಮೇಲೆ ಪ್ರಕಟಣೆಯ ಮಾತು.
ಕಾಗದದ ಮೇಲೆ ಬರಬೇಕು, ಫೋನಿನಲ್ಲಿ ತೆರೆಯಬೇಕು,
ದೇವಗಡದ ದೀಪ ದಾಟಿ ಸಿಗ್ನಲ್ ಸತ್ತ ಮೇಲೂ ತೆರೆಯಬೇಕು.
ಕೊಂಕಣಿಯಲ್ಲೂ ಬೇಕು. ಯಾವ ಲಿಪಿ?
ಆ ಜಗಳಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು. ಬಿಡಿ.

ಈ ಫ್ಯಾನಿನ ಕರೆಂಟು ಯಾರ ಖಾತೆಗೆ ಎಂದು ಕೇಳಲು
ಮೇಲೆ ಬಂದವಳು ಸುಲಕ್ಷಾ ದುರ್ಗೇಕರ, ಐಸಿನ ಲೆಕ್ಕದವಳು.
‘ಕೈಪಿಡಿಯಾ? ಇದೆಯಲ್ಲ, ಬನ್ನಿ.’

ತಕ್ಕಡಿಯ ಹಿಂದೆ, ಗೋಡೆಯ ಮೊಳೆಗೆ,
ಮೊದಲ ವರ್ಷ ನಾವು ಪ್ರಿಂಟು ಹಾಕಿ ಕೊಟ್ಟ ಎಂಟು ಹಾಳೆ.
ಮೀನೆಣ್ಣೆ ಕುಡಿದು ಒಂದರೊಳಗೊಂದು ಕಾಣುತ್ತವೆ.
ನಮ್ಮ ಅಕ್ಷರ ಕಪ್ಪು.
ಅದರ ಮೇಲೆ ನೀಲಿ, ಹಸಿರು, ಒಂದು ಕಡೆ ಹುಬ್ಬಿನ ಪೆನ್ಸಿಲ್ಲು.
‘ಉಳಿಸು ಎಂಬುದನ್ನು ಒತ್ತಿ’ ಅಂತ ನಾವು.
‘ಎರಡು ಸಲ’ ಅಂತ ಅವಳು.
‘ದೋಷ ಕಂಡುಬಂದಲ್ಲಿ ನಿರ್ವಾಹಕರನ್ನು ಸಂಪರ್ಕಿಸತಕ್ಕದ್ದು’,
ಅದನ್ನು ಅಡ್ಡ ಹೊಡೆದು:
‘ವಾಯರ್ ಕಿತ್ತು ಹತ್ತು ಎಣಿಸಿ. ಆತ ಎತ್ತುವುದಿಲ್ಲ.’
ಏಳನೇ ಹಾಳೆಯ ಅಂಚಿನಲ್ಲಿ, ನಮಗೆ ಹೊಳೆದೇ ಇರದ ಮಾತು:
‘ರಾತ್ರಿ ಹನ್ನೆರಡು ದಾಟಿ ಬಂದ ಬೋಟಿಗೆ ಹಿಂದಿನ ತಾರೀಕು ಹಾಕಿ.
ಇಲ್ಲದಿದ್ದರೆ ಐಸು ಎರಡು ಸಲ ಕರಗುತ್ತದೆ.’

ತಸ್ನೀಮ್ ಒಂದೊಂದೇ ಹಾಳೆಯ ಫೋಟೋ ತೆಗೆದಳು.
ಪಾಸ್ಕಲ್ ತನ್ನ ಫೋನು ನೋಡಿಕೊಂಡ.

ಮೇಲೆ ಹೋಗಿ ಆರಿಸಿಕೊಂಡದ್ದು ಸೊಗಸಿಲ್ಲದ್ದನ್ನು:
ಬರೀ ಪಠ್ಯ, ಯಾವ ಹಳೆಯ ಕಂಪ್ಯೂಟರಿನಲ್ಲೂ ತೆರೆಯುವಂಥದ್ದು.
ಪ್ರತಿ ಸೋಮವಾರ ಯಂತ್ರವೇ ಅದನ್ನು ಪುಟ ಕಟ್ಟುತ್ತದೆ,
ಫೋನಿಗೊಂದು, ಗೋಡೆಗೊಂದು.
ಗೋಡೆಯ ಪ್ರತಿಗೆ ಬಲಗಡೆ ನಾಲ್ಕು ಬೆರಳು ಖಾಲಿ ಅಂಚು,
ಇದು ನನ್ನ ಹಟ.
ಅಂಚು ತುಂಬಿದರೆ ಮತ್ತೆ ಫೋಟೋ, ಮತ್ತೆ ಪಠ್ಯ.

ತಸ್ನೀಮಳ ಹಟ ಬೇರೆ: ಒಂದು ವಾಕ್ಯಕ್ಕೆ ಒಂದು ಸಾಲು.
ಪ್ಯಾರಾ ಮಾಡುವುದು ಯಂತ್ರದ ಕೆಲಸ.
ಒಂದು ಮಾತು ತಿದ್ದಿದರೆ ಒಂದೇ ಸಾಲು ಕೆಂಪಾಗಬೇಕು,
ಪಕ್ಕದ ಸಾಲಿಗೆ ಅದರ ಗಾಳಿ ತಾಗಬಾರದು.
ಇಪ್ಪತ್ತು ವರ್ಷ ವ್ಯಾಕರಣ ಕಲಿಸಿದ ನಾನು
ಪೂರ್ಣವಿರಾಮದ ನಂತರ ಎಂಟರ್ ಒತ್ತಲು ಒಂದು ವಾರ ಕಲಿತೆ.
‘ಆದ್ದರಿಂದ’, ‘ಹಾಗಿರುವಾಗ್ಯೂ’ ಎಲ್ಲ
ತಾವಾಗಿಯೇ ಉದುರಿದವು.

ಆಗಸ್ಟಿನ ಮೊದಲ ವಾರ. ಕೆಳಗೆ ಯಂತ್ರ ಶುರುವಾಗಿ
ಮೇಜಿನ ಮೇಲೆ ಲೋಟ ನಡುಗುತ್ತಿದೆ.
ಸುಲಕ್ಷಾ ತಾನೇ ಮಾಡಿದ ಮೊದಲ ತಿದ್ದುಪಡಿ ಬಂದಿದೆ.
ಒಂದು ಸಾಲು ಕೆಂಪು, ಒಂದು ಸಾಲು ಹಸಿರು.
ಬರೆದವರ ಪಟ್ಟಿಯಲ್ಲಿ ಅವಳದೇ ಹೆಸರು:
ದುರ್ಗೆಕರ ಅಲ್ಲ, ದುರ್ಗೇಕರ.
ದೀರ್ಘ ಬಿಟ್ಟದ್ದು ನಾನು.